ದೆವ್ವದ ಕತೆಯ ಎರಡನೇ ಭಾಗ

1978ರ ಮಾರ್ಚ್ 14, ಮಂಗಳವಾರ. ಸಿರುಗುಪ್ಪ ಠಾಣೆಯ ಸಬ್‌ಇನ್‌ಸ್ಪೆಕ್ಟರ್ ಮರಿಬಸಪ್ಪ ಮಧ್ಯಾಹ್ನದ ಊಟ ಮುಗಿಸಿ ಇನ್ನೂ ಕೈ ಒರೆಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಬಜಾರಿನ ಸರ್ಕ್ಯುಲೇಟಿಂಗ್ ಲೈಬ್ರರಿಯ ಮಾಲೀಕ ಉಚ್ಚಂಗೆಪ್ಪ ಅಂಗಿಯ ತುಂಬ ಮಸಿ ಮಾಡಿಕೊಂಡು ಒಳಗೆ ಬಂದು, ಕೂಡು ಅನ್ನುವ ಮೊದಲೇ ಕುರ್ಚಿಯಲ್ಲಿ ಕುಸಿದ.

"ನನ್ನ ಲೈಬ್ರರಿ ಸುಟ್ಟಾರ್ರಿ ಸಾಹೇಬ್ರ. ಊಟಕ್ಕಂತ ಮನಿಗೆ ಹೋಗಿದ್ದೆ. ತಿರುಗಿ ಬರೋದ್ರಾಗ ಎಲ್ಲಾ ಪುಸ್ತಕ ಬೂದಿ. ಬಾಡಿಗಿ ಬರಕೊಳ್ಳೋ ರಿಜಿಸ್ಟರ್ ಸೈತ ಉಳಿದಿಲ್ಲ."

"ಬಾಗ್ಲ?"

"ಬೀಗ ಹಾಕಿದ್ದೆರಿ."

"ಯಾರಿಗಾದ್ರೂ ಪೆಟ್ಟಾಗೈತೇನು?"

ಉಚ್ಚಂಗೆಪ್ಪ ನೆಲ ನೋಡಿದ. "ಜಡೆಪ್ಪಗ ಮೈಯೆಲ್ಲಾ ಸುಟ್ಟೈತ್ರಿ. ರೈಸ್ ಮಿಲ್ಲಿನ ಗುಮಾಸ್ತ. ಮಿಲ್ಲಿನ ಲಾರ್ಯಾಗ ಬಳ್ಳಾರಿ ದವಾಖಾನಿಗೆ ಒಯ್ದಾರ."

ಪುಸ್ತಕದ ಲೆಕ್ಕ ಮೊದಲು, ಮನುಷ್ಯನ ಲೆಕ್ಕ ಆಮೇಲೆ. ಮರಿಬಸಪ್ಪನವರಿಗೆ ಅದು ಸರಿಬರಲಿಲ್ಲ. "ಬೀಗ ಹಾಕಿದ ಅಂಗಡ್ಯಾಗ ಜಡೆಪ್ಪ ಎಲ್ಲಿಂದ ಬಂದ?" ಎಂದು ಕೇಳಿದರು.

"ಅದ... ನನಗೂ ತಿಳೀವಲ್ದು."

ದಫೇದಾರ ಎರ್ರೆಪ್ಪ ಎಫ್‌ಐಆರ್ ಬರೆದ. ಬೆಂಕಿ ಇಟ್ಟ ಅಪರಾಧಕ್ಕೆ ಭಾರತ ದಂಡ ಸಂಹಿತೆ ಕಲಂ 436, ಆರೋಪಿ ಅಪರಿಚಿತ. ಸಂಜೆ ನಾಲ್ಕರ ಹೊತ್ತಿಗೆ ಮರಿಬಸಪ್ಪ, ಎರ್ರೆಪ್ಪ ಇಬ್ಬರೂ ಉಚ್ಚಂಗೆಪ್ಪನನ್ನೂ ಪಂಚರನ್ನೂ ಕರೆದುಕೊಂಡು ಸ್ಥಳಕ್ಕೆ ಹೋದರು.

ಕಲ್ಲಿನ ಗೋಡೆ, ತಗಡಿನ ಛಾವಣಿ, ಎದುರಿಗೊಂದು ಬಾಗಿಲು, ಸಂದಿಯ ಕಡೆಗೆ ಸರಳು ಹಾಕಿದ ಒಂದು ಕಿಟಕಿ. ಇಷ್ಟೇ ಅಂಗಡಿ. ಕಿಟಕಿಯ ಕೆಳಗಿನ ಕಪಾಟು ಎಲ್ಲಕ್ಕಿಂತ ಹೆಚ್ಚು ಸುಟ್ಟಿತ್ತು. ಅಲ್ಲಿನ ಬೂದಿಯಲ್ಲಿ ಸೀಮೆಎಣ್ಣೆಯ ವಾಸನೆ ಇನ್ನೂ ಹೋಗಿರಲಿಲ್ಲ. ಸರಳಿನ ನಡುವೆ ಬೆಕ್ಕು ನುಸುಳಬಹುದು, ಜಡೆಪ್ಪನಂಥ ಹೊಟ್ಟೆಯವನು ನುಸುಳುವಂತಿರಲಿಲ್ಲ. ಮರಿಬಸಪ್ಪ ಒಂದು ಕೈಯಲ್ಲಿ ಸರಳು ಹಿಡಿದು ಉಚ್ಚಂಗೆಪ್ಪನ ಮುಖವನ್ನೇ ನೋಡುತ್ತ ನಿಂತರು. ಸ್ವಲ್ಪ ಹೊತ್ತು ನೋಡಿಸಿಕೊಂಡ ಮೇಲೆ ಅವನು ಬಾಯಿ ಬಿಟ್ಟ.

"ನಾನ ಅಂವನ್ನ ಒಳಗ ಬಿಟ್ಟು ಬೀಗ ಹಾಕಿದ್ದೆರಿ. ದಿನಾ ಹಂಗ. ಮಿಲ್ಲಿನ್ಯಾಗ ಊಟದ ಬಿಡುವಿದ್ದಾಗ ಅಂವ ಬಂದು ಒಳಾಗ ಕುಂತು ಓದತಾನ. ಹೊರಗಿಂದ ಬೀಗ ಹಾಕಿದ್ರ ಯಾರೂ ಬಂದು ಮಾತಾಡ್ಸಂಗಿಲ್ಲ, ನಿಶ್ಚಿಂತಿ ಅಂತಿದ್ದ. ಬಾಡಿಗೀನೂ ಕೊಡತಿದ್ದಿಲ್ಲ."

"ಬಿಟ್ಟಿ ಯಾಕ?"

"ಅಂವನಿಂದ ನನಗ ಯಾಪಾರ ಇತ್ತು ಸಾಹೇಬ್ರ."

ಈ ವ್ಯಾಪಾರದ ವಿಷಯ ಹೇಳಲೇಬೇಕು. ಉಚ್ಚಂಗೆಪ್ಪನ ಲೈಬ್ರರಿಗೆ ದೇವರ ಪುಸ್ತಕಕ್ಕೂ ಗಿರಾಕಿ ಇದ್ದರು, ಸಾಂಸಾರಿಕ ಕಾದಂಬರಿಗೂ ಇದ್ದರು. ಆದರೆ ಅವನ ಮನೆಯ ಒಲೆ ಉರಿಯುತ್ತಿದ್ದುದು ದೆವ್ವದ ಕಾದಂಬರಿಗಳಿಂದ. ಒಂದೇ ಪ್ರತಿಯನ್ನು ಏಕಕಾಲಕ್ಕೆ ಇಬ್ಬರಿಗೆ ಬಾಡಿಗೆಗೆ ಕೊಡಲೆಂದು ಅವನು ಪುಸ್ತಕವನ್ನು ನಡುವೆ ಹರಿದು, ಎರಡು ರಟ್ಟು ಹಾಕಿ, ಮೊದಲನೇ ಭಾಗ, ಎರಡನೇ ಭಾಗ ಎಂದು ಮಾಡಿಬಿಡುತ್ತಿದ್ದ. ಆ ಕಾಲದಲ್ಲಿ ಬಾಡಿಗೆ ಪುಸ್ತಕದವರು ಬಹಳ ಮಂದಿ ಹೀಗೆ ಮಾಡುತ್ತಿದ್ದರು. ಬರೆದವನು ಬೆಂಗಳೂರಿನಲ್ಲಿ ಕೂತು ಹೇಗೇ ಹೊಂದಿಸಿರಲಿ, ಸಿರುಗುಪ್ಪದಲ್ಲಿ ಕತೆ ನಿಲ್ಲುವುದು ಉಚ್ಚಂಗೆಪ್ಪನ ಕತ್ತರಿ ಬಿದ್ದ ಪುಟದಲ್ಲಿ.

ಭಾನುವಾರ ಸಂಜೆ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಓದುಗರು ಸೇರುತ್ತಿದ್ದರು. ಮಿಲ್ಲಿನವರು, ಸಾಲಿ ಮಾಸ್ತರರು, ಬಟ್ಟೆ ಅಂಗಡಿಯವರು. ಯಾವ ದೆವ್ವ ಹೆದರಿಸಿತು, ಯಾವುದು ಬರೀ ಬೊಗಳೆ, ಯಾವ ಪುಟದಲ್ಲಿ ದೀಪ ಹಚ್ಚಬೇಕಾಯಿತು, ಇದೇ ಮಾತು. ಒಬ್ಬೊಬ್ಬನೂ ಎದ್ದು ನಿಂತು ತನ್ನ ಅಭಿಪ್ರಾಯ ಹೇಳಬೇಕು. ಎಲ್ಲರೂ ಮೆಚ್ಚಿದ ಅಭಿಪ್ರಾಯಕ್ಕೆ ಉಚ್ಚಂಗೆಪ್ಪನ ಕಡೆಯಿಂದ ಒಂದು ಪುಸ್ತಕ ಬಿಟ್ಟಿ. ದೀಪಾವಳಿ ಕಳೆದ ಮೇಲೆ 'ಕಾಲುವೆ ಮೋಹಿನಿ' ಎಂಬ ಕಾದಂಬರಿ ಬಂತು. ಹೊಸ ಸೊಸೆ ಕಾಲುವೆಗೆ ಬಿದ್ದು ಸತ್ತು, ಮಟಮಟ ಮಧ್ಯಾಹ್ನ ಗದ್ದೆಯ ಬದುವಿನ ಮೇಲೆ ಒದ್ದೆ ಸೀರೆಯಲ್ಲಿ ನಡೆದುಬರುವ ಕತೆ. ಅದರ ಮೊದಲನೇ ಭಾಗ ಓದಿಬಂದ ಜಡೆಪ್ಪ ಆ ಭಾನುವಾರ ಎದ್ದು ನಿಂತು, "ಇದು ಕತಿ ಅಲ್ರಪ್ಪ, ನಡೆದದ್ದು. ಈಕಿ ಸಿರಿಗೇರಿ ಸಾವಂತ್ರಮ್ಮ. ನಮ್ಮ ಕುರುಗೋಡಿನ ಸೊಸಿ. ಸತ್ತ ಮ್ಯಾಲೆ ನಾನ ಕಣ್ಣಾರೆ ನೋಡೀನಿ" ಅಂದ. ಬೆಂಗಳೂರಿನ ಲೇಖಕನಿಗೆ ಸಿರಿಗೇರಿ ಯಾವ ದಿಕ್ಕಿಗಿದೆ ಎಂಬುದೂ ಗೊತ್ತಿರಲಿಕ್ಕಿಲ್ಲ. ಅದನ್ನು ಯಾರೂ ಕೇಳಲಿಲ್ಲ. ಅಂದಿನ ಬಿಟ್ಟಿ ಪುಸ್ತಕ ಜಡೆಪ್ಪನಿಗೆ ಹೋಯಿತು, ಮರುದಿನದಿಂದ ಉಚ್ಚಂಗೆಪ್ಪನ ಅಂಗಡಿಯ ಮುಂದೆ ಸಾಲು ನಿಂತಿತು.

"ಹಂಗಾಗಿ ಬಿಟ್ಟಿ ಓದಾಕ ಬಿಟ್ಟಿದ್ದೆರಿ" ಎಂದ ಉಚ್ಚಂಗೆಪ್ಪ.

ಪಂಚನಾಮೆಯಲ್ಲಿ ಇನ್ನೊಂದು ವಸ್ತು ಸೇರಿತು. ಬಾಗಿಲ ಚಿಲಕದಲ್ಲಿ ನೇತಾಡುತ್ತಿದ್ದ ಹಿತ್ತಾಳೆಯ ಬೀಗ. ಬಾಗಿಲ ಬಿರುಕಿನಿಂದ ಹೊರಬಂದ ಹೊಗೆಗೆ ಅದು ಪೂರಾ ಕರಿಯಾಗಿತ್ತು. ಅದರ ಮೇಲೆ ಕಲ್ಲಿನಿಂದ ಜಜ್ಜಿದ ಗುರುತು. ಜಜ್ಜಿದ ಕಡೆ ಮಾತ್ರ ಹಿತ್ತಾಳೆ ಹೊಳೆಯುತ್ತಿತ್ತು. ಬಾಗಿಲ ಬುಡದಲ್ಲಿ ರಕ್ತ ಹತ್ತಿದ ಒಂದು ಬೋರುಗಲ್ಲು ಬಿದ್ದಿತ್ತು.

"ಒಳಾಗ ಹೋಗಾಕ ಬೀಗ ಒಡ್ಯಾಕ ನೋಡ್ಯಾನ, ಆಗಿಲ್ಲ. ಅದಕ್ಕ ಕಿಟಕಿಯಿಂದ ಬೆಂಕಿ ಇಟ್ಟಾನ" ಎಂದ ಎರ್ರೆಪ್ಪ.

"ಮೊದ್ಲ ಜಜ್ಜಿದ್ರ ಗುರುತಿನ ಮ್ಯಾಲೂ ಮಸಿ ಕುಂಡ್ರತಿತ್ತಲ್ಲೋ. ಇದು ಹೊಗೆ ಹತ್ತಿದ ಮ್ಯಾಲೆ ಬಿದ್ದ ಏಟು."

ಎದುರಿನ ಚಹಾದ ಅಂಗಡಿಯವನನ್ನು ಕರೆಸಿದರು. ಬಾಗಿಲು ಒಡೆದು ಜಡೆಪ್ಪನನ್ನು ಎಳೆದುಹಾಕಿದವನು ಅವನೇ.

"ನಿನಗ ಹೆಂಗ ಗೊತ್ತಾತು?"

"ಒಬ್ಬಾಕಿ ಹೆಣಮಗಳು ಚೀರಿದ್ಲರಿ. ಒಳಾಗ ಮನಷ್ಯಾ ಅದಾನ, ಬರ್ರೋ, ಬರ್ರೋ ಅಂತ. ನಾನು ಕಬ್ಬಿಣದ ಹಾರಿ ತೊಗೊಂಡು ಓಡಿ ಬರೋದ್ರಾಗ ಆಕಿ ಇದ್ದಿಲ್ಲ. ತಲಿ ತುಂಬ ಸೆರಗಿತ್ತು, ಮಾರಿ ಕಾಣಲಿಲ್ಲ."

ಮರುದಿನ ಬೆಳಗಿನ ಬಸ್ಸಿಗೆ ಮರಿಬಸಪ್ಪ ಮತ್ತು ಎರ್ರೆಪ್ಪ ಬಳ್ಳಾರಿಗೆ ಹೋದರು. ಜಡೆಪ್ಪನನ್ನು ಬಾಳೆಯೆಲೆಯ ಮೇಲೆ ಮಲಗಿಸಿದ್ದರು. ಉಳಿಯುವುದು ಕಷ್ಟ ಎಂದು ವೈದ್ಯರು ಹೇಳಿದ್ದರಿಂದ ತಹಶೀಲ್ದಾರರೇ ಬಂದು ಹೇಳಿಕೆ ಬರೆದುಕೊಂಡರು. ಬಾಗಿಲ ಹತ್ತಿರ ನಿಂತ ಮರಿಬಸಪ್ಪನವರಿಗೆ ಒಂದೊಂದು ಮಾತೂ ಕೇಳಿಸುತ್ತಿತ್ತು.

"ಯಾರನ್ನ ನೋಡಿದಿ?"

"ಸಾವಂತ್ರಮ್ಮನ್ನ."

"ಯಾವ ಸಾವಂತ್ರಮ್ಮ?"

"ಸತ್ತಾಕಿ. ನಮ್ಮೂರ ಗಾದಿಲಿಂಗಪ್ಪನ ಹೇಣ್ತಿ. ಹೊಗಿ ನಡುವ ಕಿಟಕ್ಯಾಗ ನಿಂತು ನನ್ನ ನೋಡಿದ್ಲು. ಸುಳ್ಳ ಹೇಳಿದ್ದೆ ಸಾಹೇಬ್ರ. ನೋಡೀನಿ ಅಂತ ಕಟ್ಟಿ ಮ್ಯಾಲೆ ಸುಳ್ಳ ಹೇಳಿದ್ದೆ. ಈಗ ಖರೇನ ಬಂದ್ಲು."

ತಹಶೀಲ್ದಾರರು ಪೆನ್ನು ಎತ್ತಿ ಮರಿಬಸಪ್ಪನವರ ಕಡೆ ನೋಡಿದರು. ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕು, ಬೇರೆ ದಾರಿ ಇಲ್ಲ. ಬರೆದರು, ಸಹಿ ಹಾಕಿದರು. ಸತ್ತ ಹೆಂಗಸನ್ನು ಆರೋಪಿ ಮಾಡುವ ಹೇಳಿಕೆ ಸರಕಾರಿ ಮುದ್ರೆಯೊಂದಿಗೆ ಕಡತಕ್ಕೆ ಸೇರಿತು. ಮಧ್ಯಾಹ್ನದೊಳಗೆ ಸುದ್ದಿ ಬಸ್ಸು ಹತ್ತಿ ಸಿರುಗುಪ್ಪಕ್ಕೂ ತಲುಪಿತು. ದೆವ್ವವೇ ಬಂದು ತನ್ನ ಪುಸ್ತಕ ಸುಟ್ಟಿತಂತೆ ಎಂದು ಬಜಾರಿಗೆ ಬಜಾರೇ ಮಾತಾಡಿತು.

ಎರ್ರೆಪ್ಪ ಹಣೆಗೆ ಇನ್ನೊಂದು ಪಟ್ಟೆ ವಿಭೂತಿ ಬಳಿದುಕೊಂಡ. "ಸಾಹೇಬ್ರ, ಇದು ನಮ್ಮ ಕೈಲೆ ಆಗೋ ಕೇಸಲ್ಲ."

"ಸೀಮಿಎಣ್ಣಿ ತರಾಕ ದೆವ್ವಕ್ಕ ರೇಷನ್ ಕಾರ್ಡ್ ಕೊಟ್ಟಾರೇನಲೇ? ಕೈಗೆ ರಕ್ತ ಬರೋ ಹಂಗ ಬೀಗ ಜಜ್ಜತೈತೇನು? ನಡಿ ಕುರುಗೋಡಿಗೆ."

ಹೋಗುವ ಮುನ್ನ ಮರಿಬಸಪ್ಪ ಬಳ್ಳಾರಿ ಬಸ್ ನಿಲ್ದಾಣದ ಹತ್ತಿರದ ಇನ್ನೊಂದು ಲೈಬ್ರರಿಯಲ್ಲಿ 'ಕಾಲುವೆ ಮೋಹಿನಿ'ಯ ಎರಡೂ ಭಾಗಗಳನ್ನು ಇಸಿದುಕೊಂಡರು. ಬಸ್ಸಿನಲ್ಲಿ ಓದಿದರು. ಮೊದಲನೇ ಭಾಗದಲ್ಲಿ ಒದ್ದೆ ಸೀರೆ, ಬದು, ಚೀರಾಟ. ಎರಡನೇ ಭಾಗಕ್ಕೆ ಬಂದರೆ ದೆವ್ವವೂ ಇಲ್ಲ, ಸಾವೂ ಇಲ್ಲ. ಸೊಸೆ ಅತ್ತೆಯ ಕಾಟ ತಾಳದೆ ತವರಿಗೆ ಹೋಗಿ ಆರಾಮಾಗಿದ್ದಾಳೆ. ಸೀರೆ ಉಟ್ಟು ಹೆದರಿಸುತ್ತಿದ್ದವನು ಜಮೀನು ನುಂಗಲು ಹೊರಟ ಸೋದರಮಾವ. ಮರಿಬಸಪ್ಪನವರಿಗೆ ಸಿಟ್ಟು ನೆತ್ತಿಗೇರಿತು. ಅರ್ಧ ಪುಸ್ತಕ ಓದಿದ ಬಡಾಯಿಕೋರನೊಬ್ಬ ಆಡಿದ ಮಾತಿಗೆ ಇಷ್ಟೆಲ್ಲ ಆಗಿದೆ. ಇನ್ನರ್ಧ ಓದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಬೆಂಕಿ ಇಟ್ಟವರು ಕೈಗೆ ಸಿಕ್ಕರೆ ಈ ಮಾತನ್ನು ಮುಖಕ್ಕೆ ಹೇಳಬೇಕು ಎಂದುಕೊಂಡರು.

ಕುರುಗೋಡಿನಲ್ಲಿ ಗಾದಿಲಿಂಗಪ್ಪ ಎರಡನೇ ಮದುವೆಯಾಗಿ ಮಗುವನ್ನು ಆಡಿಸುತ್ತ ಕೂತಿದ್ದ. ಸಾವಂತ್ರಮ್ಮ ಬಾಣಂತನದ ಬಟ್ಟೆ ಒಗೆಯಲು ಹೋಗಿ ಕಾಲು ಜಾರಿ ಕಾಲುವೆಗೆ ಬಿದ್ದಳು, ಮೂರು ವರ್ಷವಾಯಿತು, ಕೂಸೂ ಉಳಿಯಲಿಲ್ಲ ಎಂದ. ಅಲ್ಲಿನ ಠಾಣೆಯ ಅಸಹಜ ಸಾವಿನ ಕಡತದಲ್ಲಿಯೂ ಅದೇ ಇತ್ತು, ಬಟ್ಟೆ ಒಗೆಯುತ್ತಿದ್ದ ಹೆಂಗಸರು ನೋಡಿದ್ದರು, ಅನುಮಾನಕ್ಕೆ ಎಡೆ ಇರಲಿಲ್ಲ. ಪಕ್ಕದ ಮನೆಯ ಮುದುಕಿ ವಿರೂಪಮ್ಮ ಮಾತ್ರ ಕಣ್ಣೊರೆಸಿಕೊಂಡಳು.

"ಬಂಗಾರದಂಥಾಕಿ ರೀ. ಒಬ್ರಿಗೆ ಒಂದು ಕೆಟ್ಟ ಮಾತು ಆಡಿದಾಕಿ ಅಲ್ಲ. ಈಗ ಸಣ್ಣ ಹುಡುಗ್ರು ಅಳಾಕ ಹತ್ತಿದ್ರ ಸಾವಂತ್ರಮ್ಮ ಬರತಾಳ ಅಂತ ಹೆದರಸ್ತಾರ. ಆಕಿ ಹೆಸರು ತೊಗೊಂಡು ಹೆದರ್ಸೋದೇನ್ರಿ?"

"ಆಕಿ ಹಂಗ ಕಾಣೋರು ಯಾರಾದ್ರೂ ಅದಾರೇನವ್ವ?"

"ತಂಗಿ ಕೊಟ್ರಮ್ಮ ಇಲ್ಲೇನು? ಒಂದ ಅಚ್ಚಿನ್ಯಾಗ ತೆಗೆದಂಗ ಅದಾರ. ಪಾಪ, ಆಕಿ ಲಗ್ನಾನೂ ಮುರೀತಂತ."

ಗುರುವಾರ ಬೆಳಿಗ್ಗೆ ಸಿರಿಗೇರಿಗೆ ಹೋದರು. ಮನೆಯಲ್ಲಿ ತಾಯಿ ಚನ್ನಬಸಮ್ಮ, ಮಗಳು ಕೊಟ್ರಮ್ಮ ಇಬ್ಬರೇ. ತಂದೆ ತೀರಿಕೊಂಡು ಬಹಳ ವರ್ಷವಾಗಿತ್ತು. ಹತ್ತೊಂಬತ್ತರ ಹುಡುಗಿ, ಏಳನೇ ಇಯತ್ತೆಯವರೆಗೆ ಸಾಲಿ ಕಲಿತವಳು. ಬಲಗೈಗೆ ಅರಿಶಿಣ ಹಚ್ಚಿ ಬಟ್ಟೆ ಸುತ್ತಿಕೊಂಡಿದ್ದಳು.

"ಕೈಗೇನಾತು?"

"ಕುಡುಗೋಲು ತಾಕೇತಿ."

"ಬಿಚ್ಚು, ನೋಡೋಣ."

ಬಿಚ್ಚಿದಳು. ಕುಡುಗೋಲು ತಾಕಿದರೆ ಗೆರೆ ಎಳೆದಂತೆ ಕೊಯ್ಯುತ್ತದೆ; ಇಲ್ಲಿ ಅಂಗೈ ಜಜ್ಜಿ ಹೋಗಿತ್ತು, ಹೆಬ್ಬೆರಳಿನ ಉಗುರು ಕರ್ರಗಾಗಿತ್ತು. ಮರಿಬಸಪ್ಪ ದನಿ ಏರಿಸಲಿಲ್ಲ.

"ಒಳಾಗ ಮನಷ್ಯಾ ಇದ್ದದ್ದು ನಿನಗ ಗೊತ್ತಿತ್ತೇನು?"

ಚನ್ನಬಸಮ್ಮ ಏನೂ ತಿಳಿಯದೆ ಇಬ್ಬರ ಮುಖ ನೋಡಿದಳು. ಕೊಟ್ರಮ್ಮ ಬಟ್ಟೆಯನ್ನು ಮತ್ತೆ ಕೈಗೆ ಸುತ್ತಿಕೊಂಡಳು.

"ಬೀಗ ಇತ್ತಲ್ರಿ" ಎಂದಳು. "ಹೊರಗ ಬೀಗ ಹಾಕಿದ್ರ ಒಳಾಗ ಯಾರಿರ್ತಾರ? ಕಿಟಕ್ಯಾಗಿಂದ ಎಣ್ಣಿ ಸುರುವಿ ಕಡ್ಡಿ ಗೀರಿ ಹೊಂಟೆ. ಸಂದಿ ದಾಟೋದ್ರಾಗ ಅಂವ ಒದರಿದ. ತಿರುಗಿ ಬಂದು ಕಿಟಕ್ಯಾಗ ನೋಡಿದ್ರ ಜಡೆಪ್ಪ. ನನ್ನ ನೋಡಿ ಇನ್ನೂ ಜೋರ ಚೀರಿ ಮೂಲಿಗೆ ಹೋಗಿ ಕುಂತ. ಬಾಗಿಲ ಕಡೆ ಬಾ ಅಂತ ಕರದೆ, ಬರಲಿಲ್ಲ. ಬೀಗ ಒಡ್ಯಾಕ ನೋಡಿದೆ. ಆಗಲಿಲ್ಲ."

"ಯವ್ವಾ ನನ ಮಗಳ!" ಎಂದು ಚನ್ನಬಸಮ್ಮ ನೆಲಕ್ಕೆ ಕೂತಳು.

ಮರಿಬಸಪ್ಪನವರು ಬಸ್ಸಿನಿಂದ ಹೊತ್ತುತಂದ ಮಾತು ಆಗ ಹೊರಗೆ ಬಂತು. "ಏಳನೇತ್ತ ಕಲತಾಕಿ. ಆ ಪುಸ್ತಕದ ಎರಡನೇ ಭಾಗ ಒಂದು ಓದಿದ್ದರ ಸಾಕಾಗಿತ್ತು. ಅದರಾಗ ದೆವ್ವನೂ ಇಲ್ಲ, ಸತ್ತಾಕಿನೂ ಇಲ್ಲ. ಓದಿದ್ಯೇನು?"

ಕೊಟ್ರಮ್ಮ ಎದ್ದು ಗೂಡಿನಿಂದ ರಟ್ಟು ಹಾಕಿದ ಒಂದು ಪುಸ್ತಕ ತಂದು ಅವರ ಮುಂದಿಟ್ಟಳು. 'ಕಾಲುವೆ ಮೋಹಿನಿ', ಎರಡನೇ ಭಾಗ.

"ಓದೀನ್ರಿ. ಬಾಯಿಪಾಠ ಬರತೈತಿ."

ಆಮೇಲೆ ಅವಳು ಹೇಳಿದ್ದನ್ನು ಮರಿಬಸಪ್ಪ ನಡುವೆ ತಡೆಯಲಿಲ್ಲ. ಜಡೆಪ್ಪನ ಮಾತು ಹಬ್ಬಿದ ಮೇಲೆ ಸಿರುಗುಪ್ಪದಿಂದ ಸೈಕಲ್ ಮೇಲೆ ಜನ ಬಂದು ಇವರ ಮನೆ ನೋಡಿ ಹೋಗತೊಡಗಿದರು. ಕೊಟ್ರಮ್ಮನ ಸೆರಗು ಒದ್ದೆ ಇದೆಯೋ ಎಂದು ನೋಡಿ ನಕ್ಕರು. ಬಳ್ಳಾರಿ ಪಾರ್ವತಿನಗರದ ಬೀಗರು ನಿಶ್ಚಯದ ಸೀರೆ ವಾಪಸು ಕೇಳಿ ಆಳು ಕಳಿಸಿದರು. ಆಗ ಇವಳು ಸಿರುಗುಪ್ಪಕ್ಕೆ ಹೋಗಿ ಎರಡನೇ ಭಾಗ ತಂದು ಓದಿದಳು. ಓದಿ ಜೀವ ಬಂದಂತಾಯಿತು. ಅದನ್ನು ಎದೆಗೆ ಅವಚಿಕೊಂಡು ಬೀಗರ ಮನೆಗೆ ಹೋದಳು. ಬೀಗತಿ ಬಾಗಿಲಲ್ಲೇ ನಿಲ್ಲಿಸಿ, ಪುಸ್ತಕದಲ್ಲಿ ಬದುಕಿದ್ದರೇನು, ನಿಮ್ಮ ಅಕ್ಕ ಕಾಲುವೆಯಲ್ಲಿ ಸತ್ತದ್ದು ನಿಜವಲ್ಲವೇ ಎಂದು ಕೇಳಿದಳು.

"ಆಮ್ಯಾಲೆ ಐತಾರ ಕಟ್ಟಿಗೆ ಹೋದೆರಿ. ಅಷ್ಟು ಗಂಡಸರ ನಡುವ ನಾನೊಬ್ಬಾಕಿನ. ನಿಂತು ಎರಡನೇ ಭಾಗದ ಕಡೀ ಹಾಳಿ ಓದಿ ಹೇಳಿದೆ. ಈಕಿ ಸತ್ತಿಲ್ಲ, ಈಕಿ ನಮ್ಮಕ್ಕ ಅಲ್ಲ, ಅಣ್ಣಾರ, ನಿಮ್ಮ ಕಾಲಿಗೆ ಬೀಳತೀನಿ, ಇಷ್ಟು ಮಾತು ನೀವೂ ಹೇಳ್ರಿ ಅಂದೆ."

"ಏನಂದ್ರು?"

"ಅಭಿಪ್ರಾಯ ಹೇಳಿದ್ರು. ಎರಡನೇ ಭಾಗ ಸಪ್ಪಗೈತಿ ತಂಗಿ, ಮೊದಲನೇದರಾಗಿನ ಮಜಾ ಇಲ್ಲ ಅಂದ್ರು. ಒಬ್ರಾದ ಮ್ಯಾಲೆ ಒಬ್ರು ಎದ್ದು ಅದನ್ನ ಹೇಳಿದ್ರು. ಜಡೆಪ್ಪ ನಕ್ಕ. ನಿಮ್ಮಕ್ಕನ ಹೆಸರು ನಾಕು ಊರಿಗೆ ಗೊತ್ತಾತಲ್ಲ, ಬಿಡು ಅಂದ. ಬರೋ ಮುಂದ ಅಂಗಡ್ಯಾವ ನನಗೂ ಒಂದು ಪುಸ್ತಕ ಬಿಟ್ಟಿ ಕೊಡಾಕ ಬಂದ."

ಮರಿಬಸಪ್ಪನವರಿಗೆ ತಲೆ ಎತ್ತಲಾಗಲಿಲ್ಲ. ಇಷ್ಟು ದೂರ ಹೊತ್ತುತಂದ ತಮ್ಮ ಬುದ್ಧಿಮಾತು ಅವರಿಗೇ ನಾಚಿಕೆ ತಂದಿತು. ಹುಡುಗಿ ಓದಿದ್ದಳು, ತಿಳಿದಿದ್ದಳು, ಬೇಡಿದ್ದಳು. ಓದಲು ಬಲ್ಲ ಊರೇ ಅವಳೆದುರು ಕೂತು, ತನಗೆ ದೆವ್ವವೇ ರುಚಿ ಎಂದು ಹೇಳಿ ಕಳಿಸಿತ್ತು.

ಎರ್ರೆಪ್ಪ ಹೊಸ್ತಿಲಿನಲ್ಲಿ ನಿಂತು ಮೂಗು ಒರೆಸಿಕೊಳ್ಳುತ್ತಿದ್ದ. ಅವನು ಸಾಹೇಬರ ಹತ್ತಿರ ಬಗ್ಗಿ, "ಸಾಹೇಬ್ರ, ಜಡೆಪ್ಪನ ಹೇಳಿಕ್ಯಾಗ ಸಾವಂತ್ರಮ್ಮನ ಹೆಸರೈತಿ. ಬ್ಯಾರೆ ಯಾರೂ ಮಾರಿ ನೋಡಿಲ್ಲ. ಅಕ್ಕ ಮೈಮ್ಯಾಲೆ ಬಂದಿದ್ಲು, ನನಗ ಎಚ್ಚರ ಇದ್ದಿಲ್ಲ ಅಂತ ಈಕಿ ಅಂದ್ರ ವಕೀಲ್ರು ಬಿಡಿಸ್ಕೊಂತಾರ" ಎಂದ.

ಕಾನೂನಿನ ಮನುಷ್ಯ ಅವನನ್ನು ಗದರಬೇಕಿತ್ತು. ಮರಿಬಸಪ್ಪ ಗದರಲಿಲ್ಲ. ಆ ಹೇಳಿಕೆ ಕಡತದಲ್ಲಿರುವ ತನಕ ಹುಡುಗಿಗೆ ಒಂದು ಬಾಗಿಲು ತೆರೆದೇ ಇರುತ್ತದೆ ಎಂಬುದು ಅವರಿಗೂ ಹೊಳೆದಿತ್ತು. ಚನ್ನಬಸಮ್ಮನ ಕಿವಿಗೆ ಆ ಮಾತು ಬಿದ್ದದ್ದೇ ತಡ, ಮಗಳ ಕಾಲು ಹಿಡಿದಳು.

"ಹಂಗ ಅನ್ನು ನನ್ನವ್ವ. ಅಕ್ಕ ಬಂದಿದ್ಲು ಅನ್ನು. ಸತ್ತಾಕಿಗೇನಾಕ್ಕೈತಿ? ನೀನಾದ್ರೂ ಉಳೀ. ನನಗ ಇನ್ಯಾರದಾರ?"

ಕೊಟ್ರಮ್ಮ ತಾಯಿಯ ಕೈ ಬಿಡಿಸಲಿಲ್ಲ. ಅವಳ ತಲೆಯ ಮೇಲೆ ಕೈ ಇಟ್ಟುಕೊಂಡೇ ಸಬ್‌ಇನ್‌ಸ್ಪೆಕ್ಟರ ಕಡೆ ತಿರುಗಿದಳು.

"ನಾನು ಪುಸ್ತಕ ಸುಟ್ಟದ್ದ ಆಕೀನ್ನ ದೆವ್ವ ಅನಬಾರ್ದಂತ ರೀ. ಈಗ ಜೇಲು ತಪ್ಪಿಸ್ಕೊಳ್ಳಾಕ ನಾನ ಆಕೀನ್ನ ದೆವ್ವ ಮಾಡ್ಲೇನು? ನಾನ ಮಾಡೀನಿ. ನನ್ನ ಹೆಸರು ಬರಕೊಳ್ರಿ."

ಬೆಳಿಗ್ಗೆ ಹನ್ನೊಂದಕ್ಕೆ ದಸ್ತಗಿರಿ ಮಾಡಿದರು. ಮನೆಯ ಹಿಂದಿನ ಸೀಮೆಎಣ್ಣೆ ಡಬ್ಬಿಯನ್ನೂ ಎರಡನೇ ಭಾಗವನ್ನೂ ಪಂಚರ ಮುಂದೆ ವಶಕ್ಕೆ ತೆಗೆದುಕೊಂಡರು. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಮ್ಯಾಜಿಸ್ಟ್ರೇಟರ ಮುಂದೆಯೇ ಹೇಳಬೇಕು. ಹೇಳಲೇಬೇಕೆಂದಿಲ್ಲ, ಹೇಳಿದರೆ ನಿನಗೇ ತೊಂದರೆ, ಯೋಚಿಸು ಎಂದು ಮರಿಬಸಪ್ಪ ಅವಳಿಗೆ ಒಂದಕ್ಕೆ ಎರಡು ಸಲ ತಿಳಿಸಿ ಹೇಳಿದರು. ಅವಳ ಮಾತು ಬದಲಾಗಲಿಲ್ಲ. ಇಪ್ಪತ್ತೆರಡರಂದು ಜಡೆಪ್ಪ ತೀರಿಕೊಂಡ, ಕೇಸಿಗೆ ಕೊಲೆಯಲ್ಲದ ನರಹತ್ಯೆಯ ಕಲಂ 304 ಸೇರಿತು. ಒಳಗೆ ಮನುಷ್ಯ ಇದ್ದದ್ದು ಆರೋಪಿಗೆ ತಿಳಿದಿರಲಿಲ್ಲ, ತಿಳಿದ ಮೇಲೆ ಬೀಗ ಒಡೆಯಲು ಯತ್ನಿಸಿ ಕೈ ಜಜ್ಜಿಕೊಂಡಿದ್ದಾಳೆ, ಜನರನ್ನು ಕೂಗಿ ಕರೆದವಳೂ ಅವಳೇ ಎಂಬುದನ್ನು ಮರಿಬಸಪ್ಪ ಬೀಗದ ಸಮೇತ ದೋಷಾರೋಪ ಪಟ್ಟಿಯಲ್ಲಿ ಬರೆದರು. ಅವರ ಕೈಲಾದದ್ದು ಅಷ್ಟೇ.

ಕಲಂ 164ರ ತಪ್ಪೊಪ್ಪಿಗೆ ಹೇಳಿಕೆಗೆ ಅವಳನ್ನು ಬಳ್ಳಾರಿಯ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದ ದಿನ ಸಿರುಗುಪ್ಪದಿಂದ, ಕುರುಗೋಡಿನಿಂದ ಜನ ಬಸ್ಸು ಮಾಡಿಕೊಂಡು ಬಂದಿದ್ದರು. ಭಾನುವಾರದ ಕಟ್ಟೆಯವರೂ ಇದ್ದರು. ಒಳಗೆ ಹೇಳುವುದನ್ನೆಲ್ಲ ಹೇಳಿ ಕೊಟ್ರಮ್ಮ ಹೊರಗೆ ಬಂದಳು. ಜೀಪು ಹತ್ತುವ ಮೊದಲು ಜನರ ಕಡೆ ತಿರುಗಿ, ಅಳದೆ, ಗಟ್ಟಿ ದನಿಯಲ್ಲಿ, "ನಮ್ಮಕ್ಕ ದೆವ್ವ ಅಲ್ಲ. ಕಾಲು ಜಾರಿ ಸತ್ತಾಕಿ. ಬೆಂಕಿ ಇಟ್ಟಾಕಿ ನಾನು" ಎಂದಳು.

ಗುಂಪು ಒಂದು ಕ್ಷಣ ಗಪ್ಪಾಯಿತು. ಇಷ್ಟು ಮಾತಾದರೂ ಇವರ ತಲೆಗೆ ಹೋಯಿತಲ್ಲ ಎಂದು ಮರಿಬಸಪ್ಪನವರಿಗೆ ಅನ್ನಿಸಿತು. ಆಗ ಮುಂದಿನ ಸಾಲಿನಲ್ಲಿದ್ದ ಬಟ್ಟೆ ಅಂಗಡಿಯವನು ಸಂತೋಷಕ್ಕೋ ಭಯಕ್ಕೋ ಪಕ್ಕದವನ ಭುಜ ಹಿಡಿದು, "ದನಿ ಕೇಳಿದ್ಯೇನು? ಹುಡುಗಿ ಅಲ್ಲ, ಸತ್ತಾಕೀನ ಮಾತಾಡಿದ್ಲು ನೋಡು" ಎಂದ. ಕೊಟ್ರಮ್ಮನಿಗೆ ಅದು ಕೇಳಿಸಿತು. ಅವಳು ಎರ್ರೆಪ್ಪ ಬಾಗಿಲು ತೆಗೆದು ಹಿಡಿದ ಜೀಪಿನೊಳಗೆ ಹೋಗಿ ಕೂತಳು.